ಇಂದಿನ ಧಮ್ಮ ಚಿಂತನೆ: ಲೆಕ್ಕದಿಂದ ಹೋದದ್ದು, ತಲೆಯಿಂದ ಹೋಗದ್ದು





ದೇವದುರ್ಗ ತಾಲ್ಲೂಕಿನ ಹುಡುಗನೊಬ್ಬ ದೂರದ ಊರಿನಲ್ಲಿ ಎರಡು ವರ್ಷ ಎಂಜಿನಿಯರಿಂಗ್ ಓದಿದ. ಮನೆಯ ತಾಪತ್ರಯದಿಂದ ಅಲ್ಲಿನ ವಿಶ್ವವಿದ್ಯಾಲಯ ಬಿಟ್ಟು, ಊರಿಗೆ ಹತ್ತಿರವಾಗುವಂತೆ ಬೇರೊಂದಕ್ಕೆ ಸೇರಿದ. ಅಲ್ಲಿ ಪಾಸಾಗಿದ್ದ ಕೆಲವು ವಿಷಯಗಳನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಲಿಲ್ಲ. ಮತ್ತೆ ಬರೆಯಬೇಕು ಎಂದರು. ಅವನ ತಾಯಿ ಭಾನುವಾರದ ವಂದನೆ ಮುಗಿದ ಮೇಲೆ ಕೇಳಿದರು: "ಸರ, ನನ್ನ ಮಗ ಓದಿದ್ದೆಲ್ಲ ನೀರಾಗ ಹೋತೇನ್ರಿ? ಮಂದಿ ಹಣಿಬರಹ ಅಂತಾರ."

ಇವತ್ತಿನ ಚಿಂತನೆ ಈ ಪ್ರಶ್ನೆಯ ಮೇಲೆ.

ಮೊದಲು ಕ್ರೆಡಿಟ್ ಎಂದರೇನು ತಿಳಿಯೋಣ. ಒಂದು ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ಗಂಟೆ ಪಾಠ ಕೇಳಿ ಪಾಸಾದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್. ಲ್ಯಾಬ್ ಆದರೆ ಎರಡು ಗಂಟೆಗೆ ಒಂದು. ಎಐಸಿಟಿಇಯ ಮಾದರಿ ಪಠ್ಯಕ್ರಮದಲ್ಲಿ ನಾಲ್ಕು ವರ್ಷಕ್ಕೆ ಸುಮಾರು 160 ಕ್ರೆಡಿಟ್. ವಿಶ್ವವಿದ್ಯಾಲಯ ಬದಲಾದಾಗ ಹೊಸಬರು ಹಳೆಯ ಸಿಲಬಸ್ಸನ್ನು ತಮ್ಮದರ ಪಕ್ಕದಲ್ಲಿಟ್ಟು ನೋಡುತ್ತಾರೆ. ಹೊಂದದ ವಿಷಯವನ್ನು ಮತ್ತೆ ಓದಿಸುತ್ತಾರೆ. ಅಂದರೆ ಇದಕ್ಕೆ ಕಾರಣವಿದೆ. ಕಾರಣವಿರುವುದಕ್ಕೆ ಹಣೆಬರಹ ಎನ್ನಬಾರದು. ಹಿಂದಿನ ಜನ್ಮದ ಕರ್ಮದಿಂದ ಈ ಜನ್ಮದ ಕಷ್ಟ ಎಂಬ ಮಾತನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಒಪ್ಪಲಿಲ್ಲ. ಬಡವನ ಕಷ್ಟಕ್ಕೆ ಬಡವನನ್ನೇ ಹೊಣೆ ಮಾಡುವ ಮಾತು ಅದು.

ಬಾಬಾಸಾಹೇಬರ ಓದನ್ನೇ ನೋಡಿ. 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ, 1916ರಲ್ಲಿ ಲಂಡನ್. 1917ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಮುಗಿಯಿತು. ಓದು ಅರ್ಧಕ್ಕೇ ನಿಂತಿತು. ಬೇರೆ ಹಡಗಿನಲ್ಲಿ ಕಳಿಸಿದ್ದ ಪುಸ್ತಕಗಳು ಯುದ್ಧದಲ್ಲಿ ಸಮುದ್ರ ಸೇರಿದವು. ಆದರೂ ಮುಂಬೈಯಲ್ಲಿ ಪಾಠ ಹೇಳಿ ಹಣ ಕೂಡಿಸಿ, ಸಾಲ ಮಾಡಿ, 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಕೊಲಂಬಿಯಾದ ಎಂ.ಎ. ಕೈಯಲ್ಲಿದ್ದವರು ಅಲ್ಲಿ 1921ರಲ್ಲಿ ಎಂ.ಎಸ್ಸಿ. ಪಡೆದರು, 1923ರಲ್ಲಿ ಡಿ.ಎಸ್ಸಿ. ಕೊಲಂಬಿಯಾದ ಪಿಎಚ್.ಡಿ. ಪದವಿ ಕೈಗೆ ಬಂದದ್ದು 1927ರಲ್ಲಿ. ವರ್ಷಗಳು ಹೋದವು, ಓದು ಹೋಗಲಿಲ್ಲ.

ಭಗವಾನ್ ಬುದ್ಧರೂ ಗುರುಗಳನ್ನು ಬದಲಿಸಿದವರೇ. ಆಲಾರ ಕಾಲಾಮರ ಬಳಿ ಕಲಿತರು, ಉದ್ದಕ ರಾಮಪುತ್ತರ ಬಳಿ ಕಲಿತರು. ಹುಡುಕಿದ ಉತ್ತರ ಸಿಗದಾಗ ಇಬ್ಬರನ್ನೂ ಬಿಟ್ಟು ಮುಂದೆ ನಡೆದರು. ಅಲ್ಲಿ ಕಲಿತ ಧ್ಯಾನ ವ್ಯರ್ಥವಾಯಿತು ಎಂದು ಎಲ್ಲೂ ಹೇಳಲಿಲ್ಲ. ಬೋಧಿಯಾದ ಮೇಲೆ ಧಮ್ಮವನ್ನು ಮೊದಲು ಯಾರಿಗೆ ಹೇಳಲಿ ಎಂದು ಯೋಚಿಸಿದಾಗ ನೆನಪಾದವರು ಆ ಇಬ್ಬರೇ. ಅಷ್ಟರಲ್ಲಿ ಅವರು ತೀರಿಹೋಗಿದ್ದರು.

ಇನ್ನು ನಮ್ಮ ಹಿರಿಯರ ಲೆಕ್ಕ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮಕ್ಕೆ ಬಂದವರು ಬರಿಗೈಯಲ್ಲಿ ಬಂದರು. 1950ರ ಆದೇಶದ ಪ್ರಕಾರ ಬೌದ್ಧರಾದವರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಉಳಿಯುತ್ತಿರಲಿಲ್ಲ. ಕೇಂದ್ರದ ಆ ಪಟ್ಟಿಯಲ್ಲಿ ಬೌದ್ಧರಿಗೆ ಜಾಗ ಸಿಕ್ಕಿದ್ದು 1990ರ ತಿದ್ದುಪಡಿಯಿಂದ. 34 ವರ್ಷ! ಅವರು ಅನುಭವಿಸಿದ ಅಸ್ಪೃಶ್ಯತೆ ನಿಜ, ಕಾಗದದಲ್ಲಿ ಮಾತ್ರ ಅದಕ್ಕೆ ಲೆಕ್ಕವಿರಲಿಲ್ಲ. ಹಾಗೆಂದು ಅವರು ಬಿಟ್ಟ ಮನೆಗೆ ತಿರುಗಿ ಹೋಗಲಿಲ್ಲ. ಬಂದ ದಾರಿಯಲ್ಲೇ ನಿಂತು ಹಕ್ಕು ಕೇಳಿದರು, ಪಡೆದರು. ಆ ಹುಡುಗ ಇಂಥವರ ಮೊಮ್ಮಗ.

ಆದ್ದರಿಂದ ತಾಯಂದಿರೇ, ಓದಿದ್ದು ನೀರಾಗ ಹೋಗಿಲ್ಲ. ಮೊದಲ ಸಲ ಬೆವರಿಳಿಸಿದ ಗಣಿತ ಎರಡನೇ ಸಲ ಅಷ್ಟು ಕಾಡುವುದಿಲ್ಲ. ಆದರೆ "ಎಲ್ಲ ಸರಿಹೋಗ್ತದ" ಎಂದು ಸುಮ್ಮನೆ ಕೂರುವುದೂ ಧಮ್ಮವಲ್ಲ. ನಷ್ಟ ನಿಜ. ಒಂದು ವರ್ಷ ಹೆಚ್ಚಾದರೆ ಫೀಸು, ರೂಮಿನ ಬಾಡಿಗೆ, ಅಪ್ಪ ಅವ್ವನ ಇನ್ನೊಂದು ವರ್ಷದ ಕೂಲಿ. ಕಾರಣ ತಿಳಿದ ಮೇಲೆ ಮಾಡಬೇಕಾದ ಕೆಲಸವಿದೆ:

1. ಟಿಸಿ ತೆಗೆಸುವ ಮೊದಲೇ ಯಾವ ವಿಷಯ ಒಪ್ಪುತ್ತಾರೆ, ಯಾವುದು ಇಲ್ಲ ಎಂದು ಹೊಸ ವಿಶ್ವವಿದ್ಯಾಲಯದಿಂದ ಬರಹದಲ್ಲಿ ಪಡೆಯಿರಿ. ಬಾಯಿಮಾತು ನಂಬಬೇಡಿ.

2. ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಸಹಿ ಮೊಹರು ಇರುವ ಸಿಲಬಸ್ ಪ್ರತಿ ಜೋಪಾನ ಮಾಡಿ.

3. ವಿಟಿಯು ಒಳಗೇ ಬದಲಿಸಿದರೂ ವಿಚಾರಿಸಿ. ಸ್ವಾಯತ್ತ ಕಾಲೇಜುಗಳ ಸಿಲಬಸ್ ಬೇರೆ ಇರುತ್ತದೆ. ನಮ್ಮ ಭಾಗದವರಿಗೆ ವಿಟಿಯು ಪ್ರಾದೇಶಿಕ ಕೇಂದ್ರ ಕಲಬುರಗಿಯಲ್ಲಿದೆ.

4. ಸ್ಕಾಲರ್‌ಶಿಪ್, ಹಾಸ್ಟೆಲ್ ಮುಂದುವರಿಯುತ್ತವೆಯೇ ಎಂದು ಸಮಾಜ ಕಲ್ಯಾಣ ಇಲಾಖೆಯಲ್ಲಿ ಮೊದಲೇ ಕೇಳಿ.

5. ಒಪ್ಪದ ವಿಷಯ ಮೊದಲಿನದಕ್ಕೆ ಹೋಲುತ್ತದೆ ಅನ್ನಿಸಿದರೆ ಮರುಪರಿಶೀಲನೆಗೆ ಅರ್ಜಿ ಬರೆಯಿರಿ. ಬರೆಯಲು ಬಾರದಿದ್ದರೆ ಬಳಗದವರು ಬರೆದುಕೊಡುತ್ತೇವೆ.

ಮಾನ್ವಿ ಕಡೆಯ ಕಾಲುವೆ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿದವರಿಗೆ ಗೊತ್ತು. ಸಸಿ ಕಿತ್ತಾಗ ಒಂದಿಷ್ಟು ಬೇರು ಹರಿಯುತ್ತವೆ. ನಾಟಿಯಾದ ಮೇಲೆ ನಾಲ್ಕು ದಿನ ಹಳದಿಯಾಗಿ ಬಾಡಿ ನಿಲ್ಲುತ್ತದೆ. ಆಗ ಯಾವ ರೈತನೂ ಅದನ್ನು ಕಿತ್ತು ಬದುವಿಗೆ ಎಸೆಯುವುದಿಲ್ಲ. ನೀರು ನಿಲ್ಲಿಸಿ ಕಾಯುತ್ತಾನೆ.

ಆ ನೀರು ನಾವಾಗಬೇಕು. "ಎಷ್ಟು ವರ್ಷ ಓದ್ತಿ? ಸಾಕು, ದುಡಿಯಾಕ ಹೋಗು" ಎಂಬ ಒಂದು ಮಾತಿಗೆ ಹುಡುಗ ಓದು ಬಿಟ್ಟರೆ, ಆ ನಷ್ಟಕ್ಕೆ ಯಾವ ವಿಶ್ವವಿದ್ಯಾಲಯವೂ ಹೊಣೆಯಲ್ಲ, ನಾವೇ ಹೊಣೆ.

ಇಂದಿನ ಅಭ್ಯಾಸ: ನಿಮ್ಮ ಓಣಿಯಲ್ಲಿ ಓದು ಅರ್ಧಕ್ಕೆ ನಿಂತ ಒಬ್ಬ ಹುಡುಗ ಅಥವಾ ಹುಡುಗಿಗೆ ಇವತ್ತು ಫೋನ್ ಮಾಡಿ. ಬುದ್ಧಿ ಹೇಳಬೇಡಿ. "ಇನ್ನು ಎಷ್ಟು ವಿಷಯ ಉಳಿದಾವು? ನಾವೇನು ಮಾಡಬೇಕು?" ಎಂದಷ್ಟೇ ಕೇಳಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.
ಜೈ ಭೀಮ್.