ಕೇಳುವ ಮಗು

ಮಗು ಇಂಗ್ಲಿಷ್ ಕಲಿಯಬೇಕೆಂಬುದು ಇಂದು ಮನೆಮನೆಯ ಹಂಬಲ. ಆದರೆ ಬರೆದುಕೊಟ್ಟ ಉತ್ತರವನ್ನು ತಪ್ಪಿಲ್ಲದೆ ಒಪ್ಪಿಸಿದರೆ ಸಾಕೆ? ಓದಿದ್ದನ್ನು ತೂಗಿ ನೋಡುವ ವಿವೇಕವೂ ಅದರೊಡನೆ ಬೆಳೆಯಬೇಡವೆ?

ಸಾಗರ ತಾಲ್ಲೂಕಿನ ಒಂದು ತರಗತಿಯನ್ನು ಊಹಿಸಿಕೊಳ್ಳೋಣ. ಕರ್ಮಣಿ ಪ್ರಯೋಗದ ಪಾಠ. ‘ಲಿಂಗನಮಕ್ಕಿ ಅಣೆಕಟ್ಟನ್ನು 1964ರಲ್ಲಿ ಕಟ್ಟಲಾಯಿತು’ ಎಂಬರ್ಥದ ಇಂಗ್ಲಿಷ್ ವಾಕ್ಯ ಹಲಗೆಯ ಮೇಲಿದೆ. ವಾಕ್ಯದಲ್ಲಿ ದೋಷವಿಲ್ಲ, ಆದರೆ ಮನುಷ್ಯರೂ ಇಲ್ಲ. ಕಟ್ಟಿದವರು ಯಾರು? ಯಾರ ಮನೆಗೆ ಬೆಳಕು ಬಂತು? ಶರಾವತಿಯ ಹಿನ್ನೀರಿನಲ್ಲಿ ಯಾರ ಗದ್ದೆ, ತೋಟಗಳು ಮುಳುಗಿದವು? “ಈ ವಾಕ್ಯ ಏನನ್ನು ಹೇಳದೆ ಬಿಟ್ಟಿದೆ?” ಎಂದು ಶಿಕ್ಷಕರು ಕೇಳಿದೊಡನೆ ವ್ಯಾಕರಣದ ಪಾಠವು ಸತ್ಯವನ್ನು ಅರಸುವ ಪಾಠವಾಗುತ್ತದೆ.

ಮುಳುಗಡೆಯಿಂದ ಎದ್ದು ಬಂದ ಕುಟುಂಬದ ಮೊಮ್ಮಗಳು ಅದೇ ಬೆಂಚಿನಲ್ಲಿ ಕುಳಿತಿರಬಹುದು. ಉತ್ತರ ಅವಳಿಗೆ ಗೊತ್ತು, ಇಂಗ್ಲಿಷ್ ಪದಗಳಿಲ್ಲ. ಆ ಮೌನವನ್ನು ದಡ್ಡತನವೆಂದು ಎಣಿಸುವುದು ಅನ್ಯಾಯ. ಮೊದಲು ಅವಳು ಕನ್ನಡದಲ್ಲಿ ಯೋಚಿಸಲಿ, ಬಳಿಕ ಎರಡು ಸಾಲನ್ನು ತಪ್ಪಾಗಿಯಾದರೂ ಇಂಗ್ಲಿಷಿನಲ್ಲಿ ಬರೆಯಲಿ. ಅಜ್ಜಿಯಿಂದ ಕೇಳಿದ್ದನ್ನೂ “ಇದು ನಿಮಗೆ ಹೇಗೆ ತಿಳಿಯಿತು?” ಎಂದು ವಿಚಾರಿಸಲಿ. ತನ್ನವರ ಮಾತನ್ನು ಪರೀಕ್ಷಿಸದವರಿಗೆ ಪರರ ಮಾತನ್ನು ಪರೀಕ್ಷಿಸುವ ಅಧಿಕಾರವಿಲ್ಲ.

ಪರಭಾಷೆಯು ನಮ್ಮನ್ನು ನಮ್ಮೂರಿನಿಂದ ದೂರ ಒಯ್ಯಲೇಬೇಕೆಂದಿಲ್ಲ. ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರು ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಬರ್ಗ್‌ಮನ್ನರ ಸ್ವೀಡಿಷ್ ಚಿತ್ರವೊಂದನ್ನು ಅಡಿಬರಹವಿಲ್ಲದೆ ನೋಡಿದ್ದು ‘ಸಂಸ್ಕಾರ’ (1965) ಕಾದಂಬರಿಗೆ ಪ್ರೇರಣೆಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ತಿಳಿಯದ ಭಾಷೆಯ ಚಿತ್ರವು ಅವರನ್ನು ಮಲೆನಾಡಿನ ಅಗ್ರಹಾರದ ಕಡೆಗೇ ತಿರುಗಿಸಿತು.

ಹೀಗೆ ಕಲಿತ ಮಕ್ಕಳು ಹಿರಿಯರಿಗೆ ಎದುರಾಡುವರೇನೋ ಎಂಬ ಅಂಜಿಕೆ ಹೆತ್ತವರಲ್ಲಿ ಸಹಜ. ಆದರೆ ಪ್ರಶ್ನೆ ಬೇರೆ, ಉದ್ಧಟತನ ಬೇರೆ. ಹನ್ನೆರಡರ ಬಾಲಯೇಸು ಮಹಾದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಆಲಿಸುತ್ತಲೂ ಪ್ರಶ್ನಿಸುತ್ತಲೂ ಇದ್ದರು. ಬಳಿಕ ಹೆತ್ತವರೊಡನೆ ಊರಿಗೆ ಮರಳಿ ಅವರಿಗೆ ವಿಧೇಯರಾಗಿ ಬಾಳಿದರು. ಆ ಎರಡು ಕೆಲಸಗಳಿಗೂ ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಮಾತು ಸಾಕು. ಇಂಗ್ಲಿಷಿಗೆ ಎರಡು ಪದ ಬೇಕು. ಆಲಿಸದೆ ಪ್ರಶ್ನಿಸುವುದು ಅಹಂಕಾರ. ಪ್ರಶ್ನಿಸದೆ ಆಲಿಸುವುದು ಬರಿಯ ಬಾಯಿಪಾಠ.

ಸಂಜೆ ಮಗು ಶಾಲೆಯಿಂದ ಬಂದಾಗ “ಎಷ್ಟು ಅಂಕ ಬಂತು?” ಎನ್ನುವ ಮುನ್ನ “ಇವತ್ತು ಏನು ಕೇಳಿದೆ?” ಎನ್ನೋಣ. ಎರಡೂ ಅರ್ಥದಲ್ಲಿ.