ಅನರ್ಥದಂಡವಿರತಿಯೂ ಅಂಗೈಯೊಳಗಿನ ಯಂತ್ರವೂ

ದೊಡ್ಡಮಳೂರಿಗೆ ಸಮೀಪದ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಕುಶಲಕರ್ಮಿಯು ಹಾಲೆಮರದ ತುಂಡನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ, ಉಳಿಯಿಂದ ಆಕಾರ ಕೊಟ್ಟು, ಬಳಿಕ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ. ಘರ್ಷಣೆಯ ಶಾಖದಿಂದ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕ್ಷಣಕ್ಷಣಕ್ಕೂ ಕಡ್ಡಿಯನ್ನು ಎತ್ತಿದರೆ ಶಾಖ ಹುಟ್ಟದು, ಬಣ್ಣವೂ ಹಿಡಿಯದು. ಸಾಮಾಯಿಕಕ್ಕೆ ಕುಳಿತ ಶ್ರಾವಕನ ಮನಸ್ಸೂ ಹೀಗೆಯೇ. ಣಮೋಕಾರ ಮಂತ್ರದಲ್ಲಿ ಅದು ನೆಲೆಗೊಳ್ಳುವಷ್ಟರಲ್ಲಿ ಪಕ್ಕದ ಮೊಬೈಲು ಸದ್ದು ಮಾಡುತ್ತದೆ. ಹುಟ್ಟುತ್ತಿದ್ದ ಶಾಖ ಆರುತ್ತದೆ.

ಯಂತ್ರವು ಹೊಸದು, ದೋಷವು ಹಳೆಯದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅನರ್ಥದಂಡವನ್ನು ಐದಾಗಿ ವಿಂಗಡಿಸಿದ್ದಾರೆ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪವೇ ಅನರ್ಥದಂಡ. ಪರರ ವೈಭವವನ್ನು ಪರದೆಯಲ್ಲಿ ಕಂಡು ಕರುಬುವುದು, ಅಪರಿಚಿತನೊಡನೆ ವಾದಕ್ಕಿಳಿದು ಅವನ ಕೇಡನ್ನು ಬಯಸುವುದು ಅಪಧ್ಯಾನ. ರಾಗದ್ವೇಷಗಳನ್ನು ಕೆರಳಿಸುವ ಸುದ್ದಿಯನ್ನೂ ಕಥೆಯನ್ನೂ ಆಲಿಸುವುದು ದುಃಶ್ರುತಿ. ಏನನ್ನೂ ಹುಡುಕದೆ ಬೆರಳಾಡಿಸುತ್ತ ಹೊತ್ತು ಕಳೆಯುವುದು ಪ್ರಮಾದಚರ್ಯೆ. ಹೀಗೆ ಮೂರು ದೋಷಗಳು ಒಂದೇ ಅಂಗೈಯಲ್ಲಿ ಸೇರಿಕೊಂಡಿವೆ.

“ಮುನಿಗಳ ಪ್ರವಚನವನ್ನೂ ಅದರಲ್ಲಿಯೇ ಕೇಳುತ್ತೇವಲ್ಲ?” ಎಂಬ ಪ್ರಶ್ನೆ ಏಳುವುದು ಸಹಜ. ಅದು ನಿಜವೇ. ಆದುದರಿಂದಲೇ ಇಲ್ಲಿ ಬೇಕಾದುದು ಸಂಪೂರ್ಣ ತ್ಯಾಗವಲ್ಲ, ಪರಿಮಾಣ. ಮತ್ತೆ ಮತ್ತೆ ಬಳಸುವ ವಸ್ತು ಉಪಭೋಗ. ಅದಕ್ಕೆ ಮಿತಿ ಹಾಕಿಕೊಳ್ಳುವುದು ಭೋಗೋಪಭೋಗ ಪರಿಮಾಣವ್ರತ. ಯಾವಜ್ಜೀವ ಪಾಲಿಸುವುದು ಯಮ, ಕಾಲದ ಅವಧಿಯಿಂದ ಪಾಲಿಸುವುದು ನಿಯಮ. ಗೃಹಸ್ಥನಿಗೆ ನಿಯಮದ ಬಾಗಿಲು ಸದಾ ತೆರೆದಿದೆ.

2022ರ ಪರ್ಯೂಷಣದಲ್ಲಿ ಮಧ್ಯಪ್ರದೇಶದ ರಾಯಸೇನ್ ಜಿಲ್ಲೆಯ ಬೇಗಮ್‌ಗಂಜ್‌ನಲ್ಲಿ ಸುಮಾರು 1,000 ಮಂದಿ ಜೈನರು 24 ಗಂಟೆಗಳ ಕಾಲ ಇಂಥ ಉಪವಾಸವನ್ನು ಕೈಗೊಂಡರು. ಅದೇ ವರ್ಷ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಗ್ರಾಮದಲ್ಲಿ ಸಂಜೆ 7ಕ್ಕೆ ಭೋಂಗಾ ಕೂಗಿದೊಡನೆ ಒಂದೂವರೆ ಗಂಟೆ ಮೊಬೈಲನ್ನೂ ದೂರದರ್ಶನವನ್ನೂ ಬದಿಗಿಡುವ ಪದ್ಧತಿ ಆರಂಭವಾಯಿತು. ಇಡೀ ಊರಿಗೆ ಸಾಧ್ಯವಾದುದು ಒಂದು ಮನೆಗೆ ಅಸಾಧ್ಯವಲ್ಲ.

ಹಗಲಿರುಳು ಸೇರಿ ಮುಹೂರ್ತಗಳು 30; ಒಂದು ಮುಹೂರ್ತವೆಂದರೆ 48 ನಿಮಿಷ. ಸಂಜೆಯ ಸಾಮಾಯಿಕಕ್ಕೆಂದು ಒಂದನ್ನು ಮೀಸಲಿಟ್ಟರೂ 29 ಉಳಿಯುತ್ತವೆ. ಅಷ್ಟಮಿ ಚತುರ್ದಶಿಗಳಲ್ಲಿಯೂ ದಶಲಕ್ಷಣ ಪರ್ವದಲ್ಲಿಯೂ ಅವಧಿಯನ್ನು ಹೆಚ್ಚಿಸಬಹುದು. ದೂರದೂರಿನಲ್ಲಿರುವ ಮಗನ ಕರೆಗಾಗಿ ತಾಯಿ ಕಾದಿರುತ್ತಾಳೆ, ಮನೆಯಲ್ಲಿ ರೋಗಿಯಿರಬಹುದು. ವ್ರತವು ಕಠೋರತೆಗೆ ನೆಪವಾಗಬಾರದು. ಮಗನಿಗೆ ವೇಳೆಯನ್ನು ಮೊದಲೇ ತಿಳಿಸಬೇಕು. ತುರ್ತು ಕರೆಗೆ ಮನೆಯ ಒಬ್ಬರು ಎಚ್ಚರವಾಗಿರಬೇಕು. ಇವೆಲ್ಲವೂ ನಿಯಮ ಹಿಡಿಯುವಾಗಲೇ ನಿಶ್ಚಯವಾಗಬೇಕು, ನಡುವೆ ಅಲ್ಲ.

ಸದ್ದಡಗಿಸಿ ಜೇಬಿನಲ್ಲಿಟ್ಟುಕೊಂಡರೆ ಸಾಲದು. ಕೈ ಮುಟ್ಟದಿದ್ದರೂ ಮನಸ್ಸು ಅದನ್ನೇ ಕಾಯುತ್ತಿರುತ್ತದೆ. ಮನಸ್ಸಿನ ಈ ದುಷ್ಪ್ರಣಿಧಾನವು ಸಾಮಾಯಿಕದ ಅತಿಚಾರಗಳಲ್ಲಿ ಒಂದು. ಯಂತ್ರವು ಬೇರೆ ಕೋಣೆಯಲ್ಲಿರಲಿ. ಬಿಡುವಾದ ಹೊತ್ತು ಬರಿದಾಗಿಯೂ ಉಳಿಯಬಾರದು. ಬರಿದಾದ ಮನಸ್ಸು ಹಳೆಯ ಜಾಡಿಗೇ ಮರಳುತ್ತದೆ. ಸಾಮಾಯಿಕ ಮುಗಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪುರಾಣದ ಒಂದು ಪುಟ ಓದಿದರೆ ಸ್ವಾಧ್ಯಾಯವೂ ಆಗುವುದು. ತಂದೆಯ ಕೈಯಲ್ಲಿ ಯಂತ್ರವಿರುವಾಗ ಮಗುವಿಗೆ ಹೇಳುವ ಬುದ್ಧಿಮಾತು ನೀರ ಮೇಲಿನ ಬರಹ.

ಒಂದು ದಿನ ನಿಯಮ ತಪ್ಪಿದರೆ ಕೈಬಿಡಬೇಕಾಗಿಲ್ಲ. ಆಲೋಚನೆ, ಪ್ರತಿಕ್ರಮಣಗಳು ಇರುವುದೇ ಅದಕ್ಕಾಗಿ. ತಪ್ಪನ್ನು ಒಪ್ಪಿಕೊಂಡು ಮರುದಿನ ಪುನಃ ಕುಳಿತುಕೊಳ್ಳುವವನ ಮನಸ್ಸಿಗೆ ಧರ್ಮದ ಬಣ್ಣವು ಮೆಲ್ಲಮೆಲ್ಲನೆ ಅಂಟುತ್ತದೆ. ಸಕಲ ಭವ್ಯಜೀವಿಗಳಿಗೂ ಅಂಥ ಸ್ಥಿರತೆ ಲಭಿಸಲಿ.