ಅಲ್ಪವಿರಾಮವೂ ತಾತ್ಪರ್ಯನಿರ್ಣಯವೂ

ಇಂಗ್ಲಿಷ್ ವಾಕ್ಯವನ್ನು ಓದುವಾಗ ಉಸಿರು ನಿಲ್ಲುವ ಕಡೆ ಅಲ್ಪವಿರಾಮ, ಅಂದರೆ ಕಾಮಾ, ಹಾಕಬೇಕೆಂದು ಹೇಳಿಕೊಡುವ ರೂಢಿ ಹಳೆಯದು. ಆದರೆ ಅರ್ಥವನ್ನು ಉಸಿರು ನಿರ್ಣಯಿಸಲಾರದು ಎಂಬುದಕ್ಕೆ ವೇದಾಂತದಲ್ಲೇ ಬಲವಾದ ನಿದರ್ಶನವಿದೆ. ಅದು ಒಂದು ವಾಕ್ಯವನ್ನು ಎಲ್ಲಿ ಬಿಡಿಸಬೇಕೆಂದು ಅದ್ವೈತಿಗಳಿಗೂ ದ್ವೈತಿಗಳಿಗೂ ನಡೆದ ವಿವಾದ. ಆ ವಿವಾದದ ಎರಡೂ ಪಕ್ಷಗಳಿಗೆ ಶಿವಮೊಗ್ಗದಿಂದ ಹೆಚ್ಚು ದೂರವಿಲ್ಲದ ಕೂಡಲಿಯಲ್ಲಿ, ತುಂಗೆ ಮತ್ತು ಭದ್ರೆ ಸೇರುವೆಡೆಯಲ್ಲಿ, ನೆಲೆಯಿದೆ: ಒಂದು ಶೃಂಗೇರಿ ಪರಂಪರೆಯ ಅದ್ವೈತ ಮಠ, ಇನ್ನೊಂದು ಅಕ್ಷೋಭ್ಯತೀರ್ಥರ ಹೆಸರಿನ ದ್ವೈತ ಮಠ.

ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಒಂದೇ ಉಪದೇಶವನ್ನು ಒಂಬತ್ತು ಬಾರಿ ಹೇಳುತ್ತಾನೆ. ಅಲ್ಲಿ ‘ಆತ್ಮಾ’ ಎಂಬ ಪದದ ಮುಂದಿನ ಭಾಗವನ್ನು ಅದ್ವೈತದ ಶಂಕರರು ‘ತತ್ತ್ವಮಸಿ’, ಅಂದರೆ ‘ಅದೇ ನೀನು’, ಎಂದು ಬಿಡಿಸಿದರೆ, 13ನೆಯ ಶತಮಾನದಲ್ಲಿ ದ್ವೈತದ ಮಧ್ವರು ‘ಅತತ್ತ್ವಮಸಿ’, ಅಂದರೆ ‘ನೀನು ಅದಲ್ಲ’, ಎಂದು ಬಿಡಿಸಿದರು. ಸಜಾತಿಯ ಎರಡು ಸ್ವರಗಳು ಕೂಡಿ ಒಂದೇ ದೀರ್ಘಸ್ವರವಾಗುವ ಸವರ್ಣದೀರ್ಘ ಸಂಧಿಯಿಂದಾಗಿ ಇವೆರಡೂ ಕಿವಿಗೆ ಒಂದೇ ಆಗಿ ಕೇಳಿಸುತ್ತವೆ. ಪದಗಳ ನಡುವೆ ತೆರವು ಬಿಡದ ತಾಳೆಗರಿಯಲ್ಲಿ ಕಣ್ಣಿಗೂ ಒಂದೇ. ಇದೇ ವಾಕ್ಯವನ್ನು ಕುರಿತು ಅಕ್ಷೋಭ್ಯತೀರ್ಥರಿಗೂ ಅದ್ವೈತಿಗಳಾದ ವಿದ್ಯಾರಣ್ಯರಿಗೂ ಮುಳಬಾಗಿಲಿನಲ್ಲಿ ವಾದ ನಡೆಯಿತೆಂದು ದ್ವೈತ ಪರಂಪರೆ ಹೇಳುತ್ತದೆ.

ಹಾಗೆಂದು ಎಲ್ಲಿ ಬೇಕಾದರೂ ಬಿಡಿಸಬಹುದೆಂದು ಎರಡು ಪಕ್ಷಗಳೂ ಒಪ್ಪಲಿಲ್ಲ, ಮತ್ತು ಈ ವಿವಾದದ ದೊಡ್ಡತನವಿರುವುದು ಅಲ್ಲಿಯೇ. ಪ್ರಕರಣದ ಆರಂಭ ಮತ್ತು ಮುಕ್ತಾಯಗಳ ಹೊಂದಾಣಿಕೆಯಾದ ಉಪಕ್ರಮೋಪಸಂಹಾರ, ಮತ್ತೆ ಮತ್ತೆ ಹೇಳುವ ಅಭ್ಯಾಸ, ಯುಕ್ತಿಯಾದ ಉಪಪತ್ತಿ ಮೊದಲಾದ ಆರು ತಾತ್ಪರ್ಯಲಿಂಗಗಳನ್ನು, ಅಂದರೆ ಗ್ರಂಥದ ಆಶಯವನ್ನು ಗುರುತಿಸುವ ಲಕ್ಷಣಗಳನ್ನು, ಇಬ್ಬರೂ ಪ್ರಮಾಣವಾಗಿ ಹಿಡಿದರು. ಅದೇ ಉಪದೇಶದಲ್ಲಿ ಬರುವ, ಸಮುದ್ರ ಸೇರಿದ ನದಿಗಳ ದೃಷ್ಟಾಂತದಲ್ಲಿ ಅದ್ವೈತಿಗೆ ಕಾಣುವುದು ಭೇದದ ಲಯ. ದ್ವೈತಿಗೆ ಕಾಣುವುದು ನದಿ ಬೇರೆ, ಸಮುದ್ರ ಬೇರೆ ಎಂಬ ನಿಶ್ಚಯ.

ಇಂಗ್ಲಿಷಿನಲ್ಲಿಯೂ ಇಂಥ ಪ್ರಶ್ನೆ ಎದ್ದಿದೆ. ಲೂಕನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿ ಶಿಲುಬೆಯ ಮೇಲಿದ್ದ ಯೇಸು ಪಕ್ಕದ ಅಪರಾಧಿಗೆ ಪರದೈಸನ್ನು ವಾಗ್ದಾನ ಮಾಡುವ ಮಾತಿನಲ್ಲಿ, 1611ರ ಇಂಗ್ಲಿಷ್ ಬೈಬಲ್ ‘ಇಂದು’ ಎಂಬ ಪದಕ್ಕೆ ಮೊದಲು ಅಲ್ಪವಿರಾಮ ಹಾಕಿದೆ. ಯೆಹೋವನ ಸಾಕ್ಷಿಗಳ ಅನುವಾದ ಅದನ್ನು ಆ ಪದದ ನಂತರ ಹಾಕುತ್ತದೆ. ಮೊದಲನೆಯದರಲ್ಲಿ ಪರದೈಸು ಆ ದಿನವೇ ದೊರೆಯುತ್ತದೆ. ಎರಡನೆಯದರಲ್ಲಿ ಆ ದಿನ ದೊರೆಯುವುದು ಮಾತು ಮಾತ್ರ.

ವೇದಾಂತವನ್ನು ಇಂಗ್ಲಿಷಿಗೆ ತರುವವರಿಗೆ ಈ ಹೊಣೆ ತಪ್ಪಿದ್ದಲ್ಲ. ‘ಬದ್ಧರಾದ ಜೀವರು ಮುಕ್ತಿಯನ್ನು ಬಯಸುತ್ತಾರೆ’ ಎಂಬ ಕನ್ನಡ ವಾಕ್ಯವು ಜೀವರೆಲ್ಲರೂ ಬದ್ಧರೇ ಅಥವಾ ಕೆಲವರು ಮಾತ್ರವೇ ಎಂಬುದನ್ನು ಹೇಳದೆಯೇ ಸಾಗುತ್ತದೆ. ಅದೇ ಮಾತನ್ನು ಇಂಗ್ಲಿಷಿನಲ್ಲಿ ‘ಹೂ ಆರ್ ಬೌಂಡ್’ ಎಂಬ ಉಪವಾಕ್ಯವಾಗಿ ಜೋಡಿಸಿದಾಗ, ಅದರ ಎರಡು ಬದಿಗೂ ಅಲ್ಪವಿರಾಮವಿದ್ದರೆ ಎಲ್ಲ ಜೀವರೂ ಬದ್ಧರಾಗುತ್ತಾರೆ, ಇಲ್ಲದಿದ್ದರೆ ಬದ್ಧರಾದವರ ಮಾತಷ್ಟೇ ಆಗುತ್ತದೆ. ಆದುದರಿಂದ ಅನುವಾದಕನು ಚಿಹ್ನೆಯನ್ನು ಹಾಕುವ ಮೊದಲು ಮೂಲಗ್ರಂಥದ ಸಿದ್ಧಾಂತದಲ್ಲಿ ನಿತ್ಯಮುಕ್ತರಿಗೆ, ಅಂದರೆ ಎಂದೂ ಬದ್ಧರಾಗದ ಜೀವರಿಗೆ, ಸ್ಥಾನವಿದೆಯೇ ಎಂಬುದನ್ನು ವಿಚಾರಿಸಲೇಬೇಕಾಗುತ್ತದೆ.